ಕೆಂಪು ಮಾತ್ರೆಯ ಸಾಲು

“ದಿನಾ ನುಂಗ್ತೀನಿ ಅಂತ ಇನ್ನೆಷ್ಟು ಸಲ ಹೇಳ್ಲಿ ಡಾಕ್ಟ್ರೇ?” ಎಂದಳು ಅಲ್ಲಿ ಎಲ್ಲರೂ ಕಾಲರ್ ಎಂದು ಕರೆಯುವ ಹೆಂಗಸು. “ನೀವು ಹಿಂದೆಮುಂದೆ ತಿರುಗಿಸಿ ಕೇಳಿದ್ರೆ ಉತ್ತರ ಬೇರೆ ಬರುತ್ತಾ?”

ಡಾಕ್ಟರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು. ಅವರು ಕನ್ನಡಕ ಒರೆಸಿದರೆಂದರೆ ಎದುರು ಕೂತವರ ಮಾತು ಕಿವಿಗೆ ಬಿದ್ದಿದೆ, ಮನಸ್ಸಿಗೆ ಹೋಗಿಲ್ಲ ಎಂದೇ ಅರ್ಥ. ಅಲ್ಲಿಗೆ ಒಂದೆರಡು ಸಲ ಬಂದು ಹೋದವರಿಗೂ ಇದು ಗೊತ್ತಿತ್ತು. ಕಾಲರ್‌ಗೆ ಚೆನ್ನಾಗಿಯೇ ಗೊತ್ತಿತ್ತು.

“ನುಂಗಿದ್ರೆ ರಕ್ತದಲ್ಲಿರೋ ವೈರಸ್ಸು ಇಳೀಬೇಕಲ್ಲಮ್ಮ. ಇದೇ ಡಬ್ಬಿ, ಇದೇ ಮಾತ್ರೆ, ಊರವರಿಗೆಲ್ಲ ಇಳಿದಿದೆ. ನಿನಗೆ ಮಾತ್ರ ಹೋದ ಸಲಕ್ಕಿಂತ ಏರಿದೆ. ಇನ್ನು ನಿನ್ನನ್ನ ಇಲ್ಲೇ ಇಟ್ಕೊಂಡು ನಾನು ಕೂರೋಕಾಗಲ್ಲ. ಈ ಔಷಧಿ ಹಿಡೀತಿಲ್ಲ ಅಂತ ದೊಡ್ಡಾಸ್ಪತ್ರೆಗೆ ಬರೆದುಕೊಡ್ತೀನಿ. ಅಲ್ಲಿ ಬೇರೆ ಮಾತ್ರೆ ಶುರು ಮಾಡ್ತಾರೆ.”

“ದೊಡ್ಡಾಸ್ಪತ್ರೆ ಇರೋದು ಬೇರೆ ಊರಲ್ಲಿ ಅಲ್ವಾ?”

“ಹೌದು. ಮೊದಲ ಸಲ ಒಂದೆರಡು ದಿನ ಉಳೀಬೇಕಾಗುತ್ತೆ. ಆಮೇಲೆ ತಿಂಗಳಿಗೊಂದು ಸಲ ಹೋದ್ರೆ ಸಾಕು.”

“ತಿಂಗಳು ತಿಂಗಳು ಎಲ್ಲಿಗೆ ಹೋಗ್ತೀಯ ಅಂತ ಹಾಸ್ಟೆಲ್ಲಲ್ಲಿ ಕೇಳ್ತಾರೆ.” ಕಾಲರ್ ಎದ್ದು ನಿಂತಳು. “ಬೇಡ ಬಿಡಿ. ನಾನು ಅಲ್ಲಿಗೂ ಹೋಗಲ್ಲ, ಇಲ್ಲಿಗೂ ಬರಲ್ಲ.”

ಸಿಟ್ಟಿನಿಂದ ಹೇಳಿದ್ದಲ್ಲ. ಬಸ್ಸು ಎಷ್ಟು ಹೊತ್ತಿಗೆ ಎಂದು ತಿಳಿಸುವವಳ ಹಾಗೆ ಹೇಳಿದಳು. ಪರದೆಯ ಆಚೆ ಪುಟ್ಟ ಮೇಜಿನ ಮುಂದೆ ಕೂತಿದ್ದ ಯಾಕಮ್ಮನಿಗೆ ಭಯ ಹುಟ್ಟಿದ್ದು ಆ ದನಿಗೆ. ಕೂಗಾಡಿ ಹೋದವರು ಮುಂದಿನ ವಾರ ಮುಖ ಸಣ್ಣದು ಮಾಡಿಕೊಂಡು ವಾಪಸು ಬರುತ್ತಿದ್ದರು. ಹೀಗೆ ತಣ್ಣಗೆ ಹೇಳಿ ಹೋದವರು ಬರುತ್ತಿರಲಿಲ್ಲ. ಬಹಳ ತಿಂಗಳಾದ ಮೇಲೆ ಬೇರೆ ಯಾವುದೋ ವಾರ್ಡಿನ ಆಯಾ ಬಂದು, “ನಿಮ್ಮ ಕಡೆಯವಳೊಬ್ಬಳು ನಮ್ಮಲ್ಲಿ ಮಲಗಿದಾಳೆ, ಗುರುತು ಹಿಡಿಯೋಕೂ ಆಗಲ್ಲ” ಎಂದು ಹೇಳಿದಾಗಲೇ ಅವರ ಸುದ್ದಿ.

ಆಸ್ಪತ್ರೆಯ ಹಿಂಬದಿಯಲ್ಲಿ, ಬಟ್ಟೆ ಒಗೆಯುವ ಕೋಣೆಯ ಪಕ್ಕದಲ್ಲಿದ್ದ ಆ ಎಚ್‌ಐವಿ ವಿಭಾಗಕ್ಕೆ ಬೋರ್ಡಿರಲಿಲ್ಲ. ಇದ್ದ ಬೋರ್ಡನ್ನು ರೋಗಿಗಳೇ ಗೋಗರೆದು ತೆಗೆಸಿದ್ದರು. ಒಳಗೆ ಹೆಸರು ಹಿಡಿದು ಕೂಗುವ ಪದ್ಧತಿಯೂ ಇರಲಿಲ್ಲ. ಯಾರು ಏನು ಕೆಲಸ ಮಾಡುತ್ತಾರೋ ಅದೇ ಅವರ ಹೆಸರು: ಮೇಷ್ಟ್ರು, ಬೇಕರಿ, ಲಾರಿ, ಇಸ್ತ್ರಿ. ಕಾಲರ್ ಎಂದರೆ ಊರಾಚೆಯ ಬಟ್ಟೆ ಫ್ಯಾಕ್ಟರಿಯಲ್ಲಿ ಶರ್ಟಿನ ಕಾಲರ್ ಹೊಲಿಯುವವಳು. ದೂರದಿಂದ ಬಂದವಳು, ಮಗಳನ್ನು ತಾಯಿಯ ಹತ್ತಿರ ಬಿಟ್ಟು ಬಂದು ಫ್ಯಾಕ್ಟರಿಯ ಹಾಸ್ಟೆಲ್ಲಿನಲ್ಲಿದ್ದಳು. ಹೊರಗೆ ರಸ್ತೆಯಲ್ಲಿ ಎದುರಾದರೆ ವಿಭಾಗದವರೂ ರೋಗಿಗಳೂ ಒಬ್ಬರನ್ನೊಬ್ಬರು ಕಂಡೇ ಇಲ್ಲವೆನ್ನುವಂತೆ ನಡೆಯಬೇಕು ಎಂಬುದು ಅಲ್ಲಿನ ಕಟ್ಟುಪಾಡು. ಒಂದೇ ಕಡೆ ಕೆಲಸ ಮಾಡುವವರನ್ನು ಒಂದೇ ದಿನ ಬರಹೇಳುತ್ತಲೂ ಇರಲಿಲ್ಲ.

ಈ ಏರ್ಪಾಟೆಲ್ಲ ಆಪ್ತಸಮಾಲೋಚಕಿಯದು. ಅಷ್ಟುದ್ದದ ಪದವನ್ನು ಬಾಯಲ್ಲಿ ಆಡುವ ತಾಳ್ಮೆ ಯಾರಿಗೂ ಇರಲಿಲ್ಲವಾದ್ದರಿಂದ ರೋಗಿಗಳು ತಮಗೆ ಹೆಸರಿಟ್ಟವಳಿಗೆ ತಾವೂ ಒಂದು ಹೆಸರಿಟ್ಟಿದ್ದರು: ಯಾಕಮ್ಮ. ಯಾಕೆ ತಡ, ಯಾಕೆ ಸಣ್ಣಗಾಗಿದ್ದೀಯ, ಯಾಕೆ ಇವತ್ತು ಎಡಗೈಲಿ ಸಹಿ ಮಾಡ್ತಿದ್ದೀಯ. ಅವಳ ಗಂಡ ಮನೆಯಲ್ಲಿ ನಿಟ್ಟುಸಿರು ಬಿಡಬೇಕಾದರೂ ಅಕ್ಕಪಕ್ಕ ನೋಡಿಕೊಂಡು ಬಿಡುತ್ತಿದ್ದ. ಕೇಳದೆ ಇರುವುದು ಅವಳ ಕೈಲಾಗದ ಕೆಲಸ. ತಲೆಗೆ ಒಂದು ಹುಳ ಹೊಕ್ಕರೆ ಅದು ಹೊರಬರುವ ತನಕ ಅವಳಿಗೆ ಊಟ ರುಚಿಸುತ್ತಿರಲಿಲ್ಲ.

ಕಾಲರ್ ಬಾಗಿಲು ದಾಟುವ ಮೊದಲೇ ಯಾಕಮ್ಮ ಪರದೆ ಸರಿಸಿ ಬಂದು ಅವಳ ಭುಜ ಹಿಡಿದಳು.

“ಸಾರ್, ಮುಂದಿನ ಪರೀಕ್ಷೆವರೆಗೆ ಇವಳನ್ನ ನನಗೆ ಬಿಡಿ.”

“ಬಿಟ್ರೆ ನೀವೇನ್ ಮಾಡ್ತೀರಿ?”

“ಯಾಕೆ ಅಂತ ಕೇಳ್ತೀನಿ.”

ಡಾಕ್ಟರಿಗೆ ನಗು ಬಂತು. ಒಳ್ಳೆಯ ಮನುಷ್ಯರೇ. ಬೆಳಗಿನಿಂದ ಎದುರು ಕೂತು ಹೋದವರ ಮುಖಗಳೆಲ್ಲ ಸಂಜೆಯ ಹೊತ್ತಿಗೆ ಒಂದರೊಳಗೊಂದು ಕಲಸಿಹೋಗುವಷ್ಟು ಜನ ಅವರಿಗೆ. “ಕೇಳಿ. ಆದ್ರೆ ಮುಂದಿನ ಪರೀಕ್ಷೇಲಿ ಇಳೀಲಿಲ್ಲ ಅಂದ್ರೆ ನಾನು ನಿಮ್ಮ ಮಾತೂ ಕೇಳಲ್ಲ, ಅವಳ ಮಾತೂ ಕೇಳಲ್ಲ” ಎಂದರು. ಕಾಲರ್ ಅಂದು ಮಾತ್ರೆಯ ಡಬ್ಬಿ ತೆಗೆದುಕೊಂಡು ಹೋದಳು. ಮುಂದಿನ ಸಲ ಬರುತ್ತೇನೆ ಎಂದು ಮಾತ್ರ ಹೇಳಲಿಲ್ಲ.

ಯಾಕಮ್ಮನಿಗೆ ಹುಳ ಹೊಕ್ಕಿದ್ದು ಕಾಲರ್ ಒಬ್ಬಳ ವಿಷಯದಲ್ಲಲ್ಲ. ವರ್ಷದಿಂದ ಅವಳು ನೋಡುತ್ತಲೇ ಇದ್ದಳು. ಊರವರಿಗೆ ಈ ಮಾತ್ರೆ ಹಿಡಿಯುತ್ತಿತ್ತು. ಮೇಷ್ಟ್ರಿಗೆ ಹೆಂಡತಿಯೇ ಊಟದ ತಟ್ಟೆಯ ಪಕ್ಕ ಮಾತ್ರೆ ಇಟ್ಟು, ಅವರು ನುಂಗುವ ತನಕ ಅಲುಗುತ್ತಿರಲಿಲ್ಲ. ಬೇಕರಿಯವನು ಒಲೆಯ ಪಕ್ಕ, ಅಂಗಡಿಯ ಬೀಗದ ಕೈ ಗೊಂಚಲು ಇಡುವಲ್ಲೇ ಡಬ್ಬಿ ಇಟ್ಟಿದ್ದ. ಇವರೆಲ್ಲ ಗುಂಡಗೆ ಆಗಿ, ಮಾತ್ರೆ ತೆಗೆದುಕೊಳ್ಳುವ ನೆಪದಲ್ಲಿ ಯಾಕಮ್ಮನ ಹತ್ತಿರ ಹರಟಿ ಹೋಗುತ್ತಿದ್ದರು. ಹೊರಗಿನಿಂದ ದುಡಿಯಲು ಬಂದವರಿಗೆ, ಅದರಲ್ಲೂ ಹಾಸ್ಟೆಲ್ಲಿನವರಿಗೆ, ಅದೇ ಮಾತ್ರೆ ಹಿಡಿಯುತ್ತಿರಲಿಲ್ಲ. “ಅವ್ರು ಸರಿಯಾಗಿ ನುಂಗಲ್ಲ ಕಣ್ರೀ, ಅಷ್ಟೇ” ಎಂದು ಆಸ್ಪತ್ರೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಹೇಳಿ ಹೇಳಿ ಅದು ನಿಜವೇ ಆಗಿಹೋಗಿತ್ತು. ಆದರೆ ಯಾಕಮ್ಮ ಪ್ರತಿ ಸಲ ಅವರ ಡಬ್ಬಿ ತೆರೆದು ಉಳಿದ ಮಾತ್ರೆ ಎಣಿಸುವವಳು. ಉಳಿಯಬೇಕಾದಷ್ಟೇ ಉಳಿದಿರುತ್ತಿತ್ತು. ಬರುವ ಮುಂಚೆ ಚರಂಡಿಗೆ ಹಾಕುತ್ತಾರೆ ಎನ್ನುತ್ತಿದ್ದರು ಔಷಧಿ ಕೊಡುವ ಕಿಟಕಿಯವರು. ಎಲ್ಲರೂ ಸೇರಿ ಅಷ್ಟು ನಾಜೂಕಾಗಿ ಲೆಕ್ಕ ಮಾಡಿ ಚರಂಡಿಗೆ ಹಾಕುತ್ತಾರೆಯೇ? ಅದೂ ಅರ್ಧ ದಿನದ ರಜೆ ಬೇಡಿ, ಎರಡು ಬಸ್ಸು ಬದಲಿಸಿ ಬಂದು ತೆಗೆದುಕೊಂಡು ಹೋದದ್ದನ್ನು?

ಮೊದಲು ಅವಳಿಗೆ ಡಬ್ಬಿಯ ಮೇಲೆ ಅನುಮಾನ ಬಂತು. ಮಾತ್ರೆಯ ಡಬ್ಬಿ ಅಲುಗಿದರೆ ಕಟಕಟ ಸದ್ದಾಗುತ್ತದೆಂದು ಕಾಲರ್ ಅದಕ್ಕೆ ಹತ್ತಿ ಸುತ್ತಿ, ದೊಡ್ಡದೊಂದು ಪೌಡರ್ ಡಬ್ಬಿಯೊಳಗೆ ಇಳಿಸಿ, ಟ್ರಂಕಿನ ತಳದಲ್ಲಿಟ್ಟಿದ್ದಳು. ಹಾಸ್ಟೆಲ್ಲಿನ ಮಾಡು ತಗಡಿನದು. ಸೆಕೆಗೆ ಮಾತ್ರೆಯ ಸತ್ವ ಇಂಗಿಹೋಗುತ್ತಿರಬಹುದು ಎಂದು ಅವಳು ಡಾಕ್ಟರ ಮುಂದೆ ಭಾರಿ ಉತ್ಸಾಹದಿಂದ ಹೇಳಿದಳು. “ಹಾಗಾದ್ರೆ ಬೇಕರಿಯವನ ಒಲೆ ಪಕ್ಕ ಇಟ್ಟ ಡಬ್ಬಿ ಇಷ್ಟೊತ್ತಿಗೆ ಬಿಸ್ಕತ್ತಾಗಿರ್ಬೇಕಿತ್ತು” ಎಂದರು ಡಾಕ್ಟರು. ಯಾಕಮ್ಮ ಮುಖ ಊದಿಸಿಕೊಂಡು ತನ್ನ ಪರದೆಯ ಹಿಂದೆ ಹೋಗಿ ಕೂತಳು.

ಡಬ್ಬಿ ಮುಗಿಯುವ ಹೊತ್ತಿಗೆ ಕಾಲರ್ ಬಂದಳು. ಅವಳು ಬಾಗಿಲಲ್ಲಿ ಕಂಡ ಕೂಡಲೇ ಯಾಕಮ್ಮನಿಗೆ ಹೋದ ಜೀವ ಬಂದಂತಾಯಿತು. ಅದನ್ನು ತೋರಿಸಿಕೊಳ್ಳದೆ ಬಾಗಿಲ ಚಿಲಕ ಹಾಕಿದಳು.

“ಇವತ್ತು ನುಂಗ್ತೀಯಾ ಅಂತ ಕೇಳಲ್ಲ. ಹೇಗೆ ನುಂಗ್ತೀಯ ಅಂತ ಮಾಡಿ ತೋರಿಸು. ಬೆಳಿಗ್ಗೆ ಎದ್ದಲ್ಲಿಂದ ಶುರು ಮಾಡು.”

“ನಾಟಕ ಆಡ್ಲಾ?”

“ಆಡು. ನೋಡೋಕೆ ನಾನೊಬ್ಬಳೇ ಇರೋದು, ಟಿಕೆಟ್ಟೂ ಇಲ್ಲ.”

ಕಾಲರ್‌ಗೆ ನಾಚಿಕೆಯಾಯಿತು. ಆಮೇಲೆ, ಬಹುಶಃ ಎಷ್ಟೋ ದಿನದಿಂದ ಯಾರೂ ಅವಳ ದಿನ ಹೇಗಿರುತ್ತದೆಂದು ಕೇಳಿರಲಿಲ್ಲವಾದ್ದರಿಂದ, ಮೆಲ್ಲಗೆ ಶುರು ಮಾಡಿದಳು. ಎದ್ದಳು. ಹಾಸಿಗೆ ಮಡಚಿದಳು. ಎರಡೂ ಕಡೆಯ ಮಂಚಗಳತ್ತ ಕಣ್ಣು ಹಾಯಿಸಿ, ಬಗ್ಗಿ ಟ್ರಂಕು ತೆರೆದು, ಮುಖಕ್ಕೆ ಪೌಡರು ಹಾಕಿಕೊಳ್ಳುವವಳ ಹಾಗೆ ಡಬ್ಬಿಯೊಳಗೆ ಬೆರಳು ಇಳಿಸಿ, ಕಾಣದ ಮಾತ್ರೆಯೊಂದನ್ನು ಕರ್ಚೀಫಿನ ತುದಿಗೆ ಗಂಟು ಹಾಕಿದಳು. ಮುಖಕ್ಕೆ ನಿಜವಾಗಿಯೂ ಎರಡು ಸಲ ಕೈ ಸವರಿಕೊಂಡಳು. ನಡೆದಳು. ನಿಂತಳು. ಒಂದು ಹೆಜ್ಜೆ ಮುಂದೆ, ಮತ್ತೆ ನಿಂತಳು, ಇನ್ನೊಂದು ಹೆಜ್ಜೆ. ಅಷ್ಟರಲ್ಲಿ ಎಡಗೈ ತನ್ನಷ್ಟಕ್ಕೆ ಗಂಟು ಬಿಚ್ಚುತ್ತಿತ್ತು. ಬಲಗೈ ಮುಂದೆ ಚಾಚಿ, ಅಂಗೈ ಬಿಡಿಸಿ ಹಿಡಿದಳು. ಆಮೇಲೆ ಎರಡೂ ಕೈ ಒಟ್ಟಿಗೆ ಬಾಯಿಗೆ ಹೋದವು. ನೀರು ಕುಡಿದಳು. ಬಾಯಿ ಅಗಲಿಸಿ ತೆರೆದು ತೋರಿಸಿದಳು.

“ನಿಲ್ಲು, ನಿಲ್ಲು. ಬಲಗೈ ಯಾರ ಮುಂದೆ ಒಡ್ಡಿದೆ?”

“ಫ್ಯಾಕ್ಟರಿ ನರ್ಸ್ ಮುಂದೆ.”

“ಅವರ್‍ಯಾಕೆ ಬಂದ್ರು ಇಲ್ಲಿ?”

“ಕೆಂಪು ಮಾತ್ರೆ ಕೊಡ್ತಾರಲ್ಲಮ್ಮ. ರಕ್ತ ಆಗೋದಕ್ಕೆ. ಕಬ್ಬಿಣದ ಮಾತ್ರೆ ಅಂತಾರೆ. ಮೆಷಿನ್ ಮುಂದೆ ತಲೆಸುತ್ತಿ ಬೀಳ್ಬಾರ್ದು ಅಂತ ಹೆಂಗಸರಿಗೆಲ್ಲ ದಿನಾ ಗೇಟಿನ ಹತ್ರಾನೇ ಕೊಡ್ತಾರೆ. ಅವರ ಎದುರಿಗೇ ನುಂಗಿ ಬಾಯಿ ತೋರಿಸಿದ್ರೇನೇ ಒಳಗೆ ಬಿಡೋದು.”

ಯಾಕಮ್ಮನ ಕಿವಿ ನೆಟ್ಟಗಾಯಿತು. “ಬೇರೆ ಔಷಧಿ ಏನಾದ್ರೂ ತಗೋತೀಯಾ ಅಂತ ಪ್ರತಿ ಸಲ ಕೇಳಿದೀನಲ್ಲೇ! ಇಲ್ಲ ಅಂತ ಅಂದಿದೀಯ.”

“ಅದು ಔಷಧಿ ಅಲ್ವಲ್ಲ. ಅದು ಫ್ಯಾಕ್ಟರೀದು. ಹಾಜರಿ ಹಾಕಿದ ಹಾಗೆ.”

“ಆ ಸಾಲಲ್ಲೇ ಯಾಕೆ ಇದನ್ನೂ ನುಂಗ್ತೀಯ?”

“ಎಲ್ಲರೂ ನುಂಗೋ ಹೊತ್ತಲ್ಲಿ ನುಂಗಿದ್ರೆ ಯಾರ ಕಣ್ಣೂ ಬೀಳಲ್ಲ. ಒಂದು ಮಾತ್ರೆ ಜೊತೆ ಇನ್ನೊಂದು ಹೋಗೋದು ಯಾರಿಗೆ ಕಾಣುತ್ತೆ?” ಕಾಲರ್ ಅವಳ ಮುಖವನ್ನೇ ನೋಡಿದಳು. “ನೀವೇ ಹೇಳಿದ್ದಲ್ವಾ? ದಿನಾ ತಪ್ಪದೆ ಮಾಡೋ ಕೆಲಸ ಒಂದಕ್ಕೆ ಈ ಮಾತ್ರೇನ ಅಂಟಿಸ್ಕೊ, ಆಗ ಮರೆಯಲ್ಲ ಅಂತ? ನನಗೆ ಸ್ನಾನ ತಪ್ಪುತ್ತೆ, ತಿಂಡಿ ತಪ್ಪುತ್ತೆ, ನಿದ್ದೇನೂ ತಪ್ಪುತ್ತೆ. ಆ ಸಾಲು ತಪ್ಪಲ್ಲ.”

ಯಾಕಮ್ಮ ಹೇಳಿದ್ದು ಹೌದು. ಎಲ್ಲರಿಗೂ ಹೇಳುತ್ತಿದ್ದಳು. ಹೇಳುವಾಗ ಅವಳ ಕಣ್ಣ ಮುಂದೆ ಇರುತ್ತಿದ್ದದ್ದು ತನ್ನ ಮನೆ: ಹಲ್ಲುಜ್ಜುವ ಜಾಗ, ಒಲೆ, ತನ್ನ ಕಪಾಟು, ತಾನು ಹಾಕಿಕೊಳ್ಳಬಹುದಾದ ಬಾಗಿಲು. ಬಾಗಿಲೇ ಇಲ್ಲದವಳಿಗೂ ಅದೇ ಮಾತು ಹೇಳಿ ಕಳಿಸಿದ್ದೆನಲ್ಲ ಎಂದುಕೊಂಡು ಯಾಕಮ್ಮ ಪರದೆ ಸರಿಸಿ, ಅವಳ ಕೈ ಹಿಡಿದು ಡಾಕ್ಟರ ಮೇಜಿನ ಹತ್ತಿರ ಕರೆದೊಯ್ದಳು.

ಡಾಕ್ಟರು ಪೂರ್ತಿ ಕೇಳಿದರು. ಕನ್ನಡಕ ಒರೆಸಲಿಲ್ಲ. ಮೂಗಿನ ಮೇಲೆ ಸರಿಯಾಗಿ ಏರಿಸಿಕೊಂಡು, “ಖಾಲಿ ಹೊಟ್ಟೇಲಾ?” ಎಂದು ಕೇಳಿದರು.

“ತಿಂಡಿ ಕೊಡೋದು ಒಳಗೆ ಹೋದ್ಮೇಲೆ. ಅದೂ ಒಂದೊಂದು ದಿನ ಇರುತ್ತೆ, ಒಂದೊಂದು ದಿನ ಇಲ್ಲ.”

“ಥೂ,” ಎಂದರು ಡಾಕ್ಟರು, ತಮಗೆ ತಾವೇ. ಆಮೇಲೆ ವಿವರಿಸಿದರು. ಖಾಲಿ ಹೊಟ್ಟೆಯಲ್ಲಿ ಎರಡೂ ಒಟ್ಟಿಗೆ ಇಳಿದರೆ ಕಬ್ಬಿಣ ಈ ಮಾತ್ರೆಯನ್ನು ಹಿಡಿದುಕೊಂಡುಬಿಡುತ್ತದೆ, ರಕ್ತಕ್ಕೆ ಸೇರಲು ಬಿಡುವುದಿಲ್ಲ. ನುಂಗಿದ್ದರಲ್ಲಿ ಬಹಳಷ್ಟು ಹಾಗೆಯೇ ಹೊರಗೆ ಹೋಗುತ್ತದೆ. “ಊಟದ ಜೊತೆ ನುಂಗಿದ್ರೆ ಈ ತಂಟೆ ಇಲ್ಲ. ಆಗ ಎರಡೂ ಒಟ್ಟಿಗೇ ಹೋಗ್ಬಹುದು. ಇಲ್ಲಾ ಅಂದ್ರೆ ಎರಡಕ್ಕೂ ನಡುವೆ ಗಂಟೆಗಟ್ಟಲೆ ಅಂತರ ಬೇಕು.” ಅವಳ ಹಳೆಯ ರಿಪೋರ್ಟು ತಿರುವುತ್ತ, “ಆದ್ರೆ ಒಂದು ಮಾತು. ಇಷ್ಟು ದಿನ ಅರೆಬರೆ ಔಷಧಿ ಕಂಡು ವೈರಸ್ಸು ಔಷಧಿಗೇ ಬಗ್ಗದಷ್ಟು ಪಳಗಿಬಿಟ್ಟಿದ್ರೆ ಮುಂದಿನ ಪರೀಕ್ಷೇಲಿ ಗೊತ್ತಾಗುತ್ತೆ. ಆಗ ದೊಡ್ಡಾಸ್ಪತ್ರೆ ಬಿಟ್ರೆ ಬೇರೆ ದಾರಿ ಇಲ್ಲ” ಎಂದರು.

“ಹಾಗಾದ್ರೆ ಇವತ್ತಿಂದ ಮಧ್ಯಾಹ್ನ ಊಟ ಮಾಡ್ತಾ ನಿನ್ನ ಮಾತ್ರೆ ನುಂಗಿಬಿಡು,” ಎಂದಳು ಯಾಕಮ್ಮ, ಗೆದ್ದವಳ ಹಾಗೆ.

ಕಾಲರ್ ನಕ್ಕಳು. ಚೆಂದದ ನಗುವೇನಲ್ಲ. “ಊಟಕ್ಕೆ ಕೂತರೆ ಎಲ್ಲರ ಕಣ್ಣೂ ಎಲ್ಲರ ತಟ್ಟೇಲಿ. ಮೊಣಕೈಗೆ ಮೊಣಕೈ ತಾಗುತ್ತೆ. ಅಲ್ಲಿ ಕರ್ಚೀಫ್ ಬಿಚ್ಚಿದ್ರೆ, ಅದೇನೇ ಮಾತ್ರೆ, ಯಾಕೇ ಅಂತ ಹತ್ತು ಜನ ಕೇಳ್ತಾರೆ. ಒಂದು ದಿನ ತಲೆನೋವು ಅನ್ಬಹುದು. ದಿನಾ ಏನನ್ನಲಿ?”

ಆಮೇಲೆ ಅವಳು ಪಕ್ಕದ ಮಂಚದವಳ ವಿಷಯ ಹೇಳಿದಳು. ಎರಡು ವರ್ಷದ ಹಿಂದಿನ ಮಾತು. ಆ ಹುಡುಗಿಯ ಬ್ಯಾಗಿನಲ್ಲಿ ಇಂಥದೇ ಡಬ್ಬಿ ಸಿಕ್ಕಿತ್ತು. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ನೀರಿನ ಡ್ರಮ್ಮಿನ ಮೇಲೆ ಎಲ್ಲರಿಗೂ ಒಂದೇ ಲೋಟವಿದ್ದಲ್ಲಿ ಮರುದಿನ ಎರಡು ಲೋಟವಿದ್ದವು. ಎರಡನೆಯದಕ್ಕೆ ಕೆಂಪು ದಾರ ಕಟ್ಟಿತ್ತು. ಆ ಹುಡುಗಿ ಒಂದು ವಾರ ಆ ಲೋಟದಲ್ಲಿ ನೀರು ಕುಡಿದು, ಸಂಬಳಕ್ಕೂ ಕಾಯದೆ ಹೋದಳು.

“ನೀವೂ ದಾರ ಕಟ್ಟಿದ ಲೋಟ ನೋಡಿದ್ರೆ ಆ ಸಾಲಲ್ಲೇ ನುಂಗ್ತಿದ್ರಿ,” ಎಂದಳು ಕಾಲರ್.

ಡಾಕ್ಟರು ಫೋನಿನತ್ತ ಕೈ ಚಾಚಿದರು. “ಫ್ಯಾಕ್ಟರಿಗೆ ನಾನೇ ಹೇಳ್ತೀನಿ. ಆ ಮಾತ್ರೇನ ಊಟ ಆದ್ಮೇಲೆ ಕೊಡಿ ಅಂತ ಒಂದು ಮಾತು—”

“ಬೇಡ!” ಕಾಲರ್ ಮೇಜಿನ ಮೇಲೆ ಕೈಯೂರಿ ನಿಂತಿದ್ದಳು. “ಇಲ್ಲಿಂದ ಫೋನು ಹೋದ್ರೆ, ಅವ್ರಿಗ್ಯಾಕೆ ನಮ್ಮ ಮಾತ್ರೆ ಚಿಂತೆ ಅಂತ ಕೇಳ್ತಾರೆ. ನಮ್ಮವರು ಯಾರೋ ಅಲ್ಲಿಗೆ ಹೋಗ್ತಾರೆ ಅಂತ ಹುಡುಕ್ತಾರೆ. ದಮ್ಮಯ್ಯ ಅಂತೀನಿ, ಬೇಡ.”

ಡಾಕ್ಟರು ಕೈ ಹಿಂದೆ ತೆಗೆದರು. ಗೋಡೆಯಾಚೆ ಬಟ್ಟೆ ಒಗೆಯುವ ಯಂತ್ರ ಗುಡುಗುಡು ಎನ್ನುತ್ತಿತ್ತು. ಕಾಲರ್ ಕರ್ಚೀಫಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೇಳಿದಳು, “ಊಟ ಆದ್ಮೇಲೆ ಆದ್ರೆ ಎರಡೂ ಒಟ್ಟಿಗೆ ನುಂಗಬಹುದು. ಅಷ್ಟೇ ತಾನೇ?”

“ಅಷ್ಟೇ.”

“ಖಾಲಿ ಹೊಟ್ಟೆಗೆ ಕೆಂಪು ಮಾತ್ರೆ ಒಳ್ಳೇದಾ? ಸುಮ್ನೆ ಕೇಳ್ತಿದೀನಿ. ಇದರ ಮಾತು ಬಿಡಿ, ಅದೊಂದೇ.”

“ಎಷ್ಟೋ ಜನಕ್ಕೆ ಹೊಟ್ಟೆ ಉರಿ, ವಾಂತಿ ಎಲ್ಲ ಬರುತ್ತೆ. ಊಟ ಆದ್ಮೇಲೆ ಕೊಡೋದು ವಾಡಿಕೇನೇ.”

ಕಾಲರ್ ತಲೆಯಾಡಿಸಿದಳು. ಬಾಗಿಲ ತನಕ ಹೋಗಿ, ಚಿಲಕದ ಮೇಲೆ ಕೈಯಿಟ್ಟು, ತಿರುಗಿ ಯಾಕಮ್ಮನನ್ನು ನೋಡಿದಳು. “ಆ ಸಾಲಲ್ಲಿ ನಾನೊಬ್ಳೇ ಅಲ್ವಾಮ್ಮ, ಹಿಂಗೆ?”

ಯಾಕಮ್ಮನ ನಾಲಿಗೆಯ ತುದಿಯ ತನಕ ಉತ್ತರ ಬಂದಿತ್ತು. ಇಡೀ ಆಸ್ಪತ್ರೆಗೆ ಪ್ರಶ್ನೆ ಕೇಳುವ ಹೆಂಗಸು ಆವತ್ತು ಒಂದು ಪ್ರಶ್ನೆಗೆ ಉತ್ತರ ನುಂಗಿದಳು. “ಅದನ್ನ ನಾನು ಹೇಳೋ ಹಾಗಿಲ್ಲ ಕಣೇ,” ಎಂದಳು. ಕಾಲರ್ ಅದನ್ನು ಹೌದು, ನೀನೊಬ್ಬಳೇ ಎಂದು ತಿಳಿದುಕೊಂಡು ಹೋದಳು. ಅವಳ ಬೆನ್ನು ನೋಡಿದಾಗಲೇ ಯಾಕಮ್ಮನಿಗೆ ಅದು ಗೊತ್ತಾಯಿತು.

ಆಮೇಲಿನ ವಾರಗಳಲ್ಲಿ ಯಾಕಮ್ಮ ಫ್ಯಾಕ್ಟರಿಯ ಕಡೆಯಿಂದ ಬಂದ ಒಬ್ಬೊಬ್ಬರನ್ನೂ ಚಿಲಕ ಹಾಕಿ ನಿಲ್ಲಿಸಿ ನಾಟಕ ಆಡಿಸಿದಳು. ಗುಂಡಿ ಹಾಕುವ ಹುಡುಗಿ, ಮಾತೇ ಆಡದವಳು, ನಿದ್ದೆಯಿಂದ ಎದ್ದಳು, ನಡೆದಳು, ಬಲಗೈ ಮುಂದೆ ಚಾಚಿದಳು. ಶರ್ಟಿಗೆ ಜೇಬು ಹೊಲಿಯುವ ಜೇಬು, ನಕ್ಕರೆ ಕುರ್ಚಿ ಅಲ್ಲಾಡುವಂಥ ಹೆಂಗಸು, ಇಡೀ ನಾಟಕವನ್ನು ನಗುನಗುತ್ತ ಆಡಿದಳು. ಅವಳ ಬಲಗೈಯೂ ಮುಂದೆ ಬಂತು. ಅದೇ ಅಂಗೈ, ಅದೇ ಅಗಲಿಸಿದ ಬಾಯಿ. ಪ್ರತಿಯೊಬ್ಬಳೂ ಈ ಉಪಾಯ ಜಗತ್ತಿನಲ್ಲಿ ತನಗೊಬ್ಬಳಿಗೇ ಹೊಳೆದದ್ದು ಎಂದುಕೊಂಡಿದ್ದಳು. ಇಸ್ತ್ರಿ ಮಾಡುವ ಗಂಡಸಿನ ಕಥೆ ಬೇರೆ. ಅವನಿಗೆ ಕೆಂಪು ಮಾತ್ರೆಯ ಗೊಡವೆ ಇರಲಿಲ್ಲ. ಇಲ್ಲಿಗೆ ಬರುವ ದಿನ ರಜೆ ಸಿಗದೆ ಡಬ್ಬಿ ಖಾಲಿಯಾಗಿ ಕೂತಿರುತ್ತಿದ್ದ, ಅಷ್ಟೇ. ಅದಕ್ಕೆ ಯಾಕಮ್ಮನ ಹತ್ತಿರ ಪ್ರಶ್ನೆಯೂ ಇರಲಿಲ್ಲ.

ಹೆಂಗಸರಿಗೆಲ್ಲ ಅವಳು ಒಂದೇ ಮಾತು ಹೇಳಿದಳು: ಖಾಲಿ ಹೊಟ್ಟೆಯಲ್ಲಿ ಎರಡನ್ನೂ ಸೇರಿಸಬೇಡ, ಊಟದ ಜೊತೆ ನುಂಗು. ಅವರೂ ಒಂದೇ ಮಾತು ಹೇಳಿದರು: “ಎಲ್ಲಿ ಕೂತು?”

ಜೇಬು ಮುಂದಿನ ಡಬ್ಬಿಗೆ ಬಂದಾಗ ಕುರ್ಚಿಯಲ್ಲಿ ಕೂರುವ ಮೊದಲೇ ಮಾತು ಶುರು ಮಾಡಿದ್ದಳು.

“ಅಮ್ಮಾ, ನಮ್ಮಲ್ಲಿ ಭಾರಿ ಗಲಾಟೆ ಆಗಿಹೋಯ್ತು. ಕಾಲರ್ ಲೈನಿನವಳೊಬ್ಬಳು. ಬಾಯಿ ಇದೆಯೋ ಇಲ್ವೋ ಅನ್ನೋ ಥರದವಳು, ಹೆಸರೂ ಸರಿಯಾಗಿ ಗೊತ್ತಿಲ್ಲ ನಂಗೆ. ಅವತ್ತು ಬೆಳಿಗ್ಗೆ ಸಾಲಲ್ಲಿ ನಿಂತು, ನರ್ಸ್ ಮಾತ್ರೆ ಕೊಟ್ರೆ ಕೈ ಮುಚ್ಚಿಬಿಟ್ಲು. ಖಾಲಿ ಹೊಟ್ಟೆಗೆ ನುಂಗಲ್ಲ, ಹೊಟ್ಟೆ ಉರಿಯುತ್ತೆ, ಊಟ ಆದ್ಮೇಲೆ ಕೊಡಿ ಅಂದ್ಲು.”

“ಆಮೇಲೆ?” ಯಾಕಮ್ಮನ ಪೆನ್ನು ನಿಂತಿತ್ತು.

“ಆಮೇಲೇನು, ಸೂಪರ್‌ವೈಸರ್ ಬಂದ. ನಿನಗೊಬ್ಬಳಿಗೆ ಏನೇ ವಿಶೇಷ ಅಂದ. ಅವಳು ನೆಲ ನೋಡ್ತಾ ನಿಂತಿದ್ಲು, ನಾನು ಹಿಂದಿನಿಂದ ನೋಡ್ತಿದ್ದೆ. ಆದ್ರೂ ನುಂಗಲಿಲ್ಲ. ಗೇಟಿನ ಆಚೆ ನಿಲ್ಲಿಸಿದ್ರು ಅಮ್ಮಾ, ಮಧ್ಯಾಹ್ನದವರೆಗೆ, ಬಿಸಿಲಲ್ಲಿ. ಮಾರನೇ ದಿನ ಬಂದು ಮತ್ತೆ ಕೈ ಮುಚ್ಚಿದ್ಲು! ನನಗಂತೂ ಎದೆ ಧಸಕ್ ಅಂತು. ಎಲ್ಲಿ ಈ ಪುಣ್ಯಾತ್ಗಿತ್ತಿ ಸಾಲನ್ನೇ ನಿಲ್ಲಿಸಿಬಿಡ್ತಾಳೋ, ನನ್ನ ಗತಿ ಏನಪ್ಪಾ ಅಂತ. ಮನಸ್ಸಲ್ಲೇ ಬೈಕೊಂಡೆ. ಆಮೇಲೆ ಹೊಳೀತು ನೋಡಿ.” ಜೇಬು ದನಿ ತಗ್ಗಿಸಿದಳು. “ಊಟ ಆದ್ಮೇಲೆ ಕೊಟ್ರೆ ನನಗೇ ಅಲ್ವಾ ಒಳ್ಳೇದು? ನೀವು ಹೇಳಿದ್ದೂ ಅದನ್ನೇ. ನಾನೂ ಹೊಟ್ಟೆ ಹಿಡ್ಕೊಂಡೆ. ನನಗೂ ಉರಿ ಅಂತ ಕೂಗಿದೆ. ನಾನು ಕೂಗಿದ್ರೆ ಗೊತ್ತಲ್ಲ, ಎರಡು ಬೀದಿಗೆ ಕೇಳುತ್ತೆ. ನನ್ನ ಹಿಂದೆ ಇದ್ದವರೂ ಶುರು ಮಾಡಿದ್ರು. ಎಷ್ಟೋ ಜನಕ್ಕೆ ನಿಜವಾಗ್ಲೂ ಉರೀತಿತ್ತಂತೆ, ಪಾಪ. ಈಗ ಊಟದ ಮನೆ ಹಿಂದೆ ಸಾಲು. ಊಟ ಮಾಡೋದು, ಎದ್ದು ಹೋಗೋದು, ಕೈ ಚಾಚೋದು, ಎರಡನ್ನೂ ಬಾಯಿಗೆ ಹಾಕೋದು.”

“ಒಳ್ಳೇದಾಯ್ತು,” ಎಂದಳು ಯಾಕಮ್ಮ.

“ಅವಳಿಗೆ ಗೊತ್ತೇ ಇಲ್ಲ ನೋಡಿ, ನನಗೆ ಎಂಥ ಉಪಕಾರ ಮಾಡಿದಾಳೆ ಅಂತ. ಹೇಳೋ ಹಾಗೂ ಇಲ್ಲ. ಒಂದು ದಿನ ಕಾಲಿಗೆ ಬೀಳೋಣ ಅನ್ನಿಸುತ್ತೆ. ಬಿದ್ರೆ ಯಾಕೆ ಅಂತ ಕೇಳ್ತಾಳಲ್ಲ?”

ಯಾಕಮ್ಮ ಕೈಗೆ ಸಿಗದ ಏನನ್ನೋ ಹುಡುಕುವವಳಂತೆ ಮೇಜಿನ ಕೆಳಗೆ ಬಗ್ಗಿದಳು. ಅಲ್ಲಿ ಹುಡುಕುವಂಥದ್ದು ಏನೂ ಇರಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಮೇಲೆದ್ದಾಗ ಜೇಬು ಇನ್ನೂ ನಗುತ್ತಲೇ ಇದ್ದಳು.

ಪರೀಕ್ಷೆಯ ದಿನ ಕಾಲರ್ ರಕ್ತ ಕೊಟ್ಟು ಹೋದಳು. ಗಲಾಟೆಯ ಮಾತು ಅವಳೂ ಎತ್ತಲಿಲ್ಲ, ಯಾಕಮ್ಮನೂ ಕೇಳಲಿಲ್ಲ. ಕೇಳಿದರೆ ಯಾರು ಹೇಳಿದರು ಎಂಬ ಪ್ರಶ್ನೆ ಬರುತ್ತಿತ್ತು. ಫಲಿತಾಂಶ ಬರುವ ತನಕ ಯಾಕಮ್ಮನ ಗಂಡ ಮನೆಯಲ್ಲಿ ಉಪ್ಪಿಲ್ಲದ ಅಡುಗೆಯನ್ನೂ ಉಪ್ಪೇ ಆಗಿಹೋದ ಅಡುಗೆಯನ್ನೂ ಸದ್ದಿಲ್ಲದೆ ಉಂಡ. ವೈರಸ್ಸು ಪಳಗಿಬಿಟ್ಟಿದ್ದರೆ? ಬಿಸಿಲಲ್ಲಿ ನಿಂತದ್ದೆಲ್ಲ ಬೇರೆಯವರಿಗೆ ಉಪಯೋಗವಾಗಿ, ನಿಂತವಳಿಗೇ ಆಗದಿದ್ದರೆ?

ಕಾಲರ್ ಬಂದ ದಿನ ಡಾಕ್ಟರು ತಾವೇ ಎದ್ದು ಪರದೆ ಸರಿಸಿ ಯಾಕಮ್ಮನನ್ನು ಕರೆದರು. ಕಾಗದವನ್ನು ಮೇಜಿನ ಮೇಲೆ ಇಬ್ಬರ ಕಡೆಗೂ ತಿರುಗಿಸಿಟ್ಟರು.

“ಇಳಿದಿದೆ. ಎಣಿಕೆಗೇ ಸಿಗದಷ್ಟು ಇಳಿದಿದೆ. ದೊಡ್ಡಾಸ್ಪತ್ರೆ ಬೇಡ. ಇದೇ ಮಾತ್ರೆ ಸಾಕು.”

ಕಾಲರ್ ಕಾಗದ ಮುಟ್ಟಲಿಲ್ಲ. ಡಾಕ್ಟರ ಮುಖವನ್ನೇ ನೋಡಿದಳು. “ಈಗ ನಂಬ್ತೀರಾ?”

“ನಂಬ್ತೀನಿ.”

“ನಾನು ಆವಾಗ್ಲೂ ಸುಳ್ಳು ಹೇಳಿರ್ಲಿಲ್ಲ.”

“ಇಲ್ಲ,” ಎಂದರು ಡಾಕ್ಟರು. “ಹೇಳಿರ್ಲಿಲ್ಲ. ನನ್ನದೇ ತಪ್ಪು.”

ಆಗ ಕಾಲರ್ ಅತ್ತಳು. ಮಗಳ ಹೆಸರು ಹೇಳಿ ಅತ್ತಳು. ಆ ವಿಭಾಗದೊಳಗೆ ಅವಳ ಬಾಯಿಂದ ಒಂದು ಹೆಸರು ಹೊರಬಿದ್ದದ್ದು ಅದೇ ಮೊದಲು. ಯಾಕಮ್ಮ ಅವಳ ಬೆನ್ನು ಸವರುತ್ತ ನಿಂತಳು, ಯಾಕೆ ಅಳ್ತೀಯ ಎಂದು ಕೇಳಲಿಲ್ಲ.

ಇಷ್ಟಕ್ಕೆ ಹುಳ ಹೊರಬರಬೇಕಿತ್ತು. ಬರಲಿಲ್ಲ. ನೋಡಬೇಕು ಎನ್ನಿಸಿತು ಯಾಕಮ್ಮನಿಗೆ, ಆ ಸಾಲನ್ನು ಕಣ್ಣಾರೆ ನೋಡಬೇಕು. ಯಾಕೆ ಎಂದು ಯಾರಾದರೂ ಕೇಳಿದ್ದರೆ ಹೇಳಲು ಅವಳ ಹತ್ತಿರ ಏನೂ ಇರಲಿಲ್ಲ. ಫ್ಯಾಕ್ಟರಿಯ ಕಾಂಪೌಂಡಿಗೆ ಅಂಟಿಕೊಂಡು ಒಂದು ಅಂಗಡಿಯಿತ್ತು, ಹೊಲಿಗೆ ತಪ್ಪಿದ ಬಟ್ಟೆಗಳನ್ನು ಕಡಿಮೆ ಬೆಲೆಗೆ ಮಾರುವಂಥದ್ದು. ಗಂಡನಿಗೆ ಶರ್ಟು ತರುತ್ತೇನೆಂದು ಒಂದು ಮಧ್ಯಾಹ್ನ ಅರ್ಧ ರಜೆ ಹಾಕಿ ಹೊರಟಳು. ಗಂಡನಿಗೆ ಶರ್ಟು ಬೇಕಿರಲಿಲ್ಲ.

ಅಂಗಡಿಯ ಹಿಂದಿನ ಕಿಟಕಿ ಊಟದ ಮನೆಯ ಹಿಂಬದಿಗೆ ತೆರೆದಿತ್ತು. ಯಾಕಮ್ಮ ನೀಲಿ ಶರ್ಟೊಂದನ್ನು ಬೆಳಕಿಗೆ ಹಿಡಿಯುವ ನೆಪದಲ್ಲಿ ಕಿಟಕಿಯ ಹತ್ತಿರ ಹೋದಳು. ತಗಡಿನ ಚಪ್ಪರದ ಕೆಳಗೆ ಸಾಲು ನಿಂತಿತ್ತು. ಊಟ ಮುಗಿಸಿದ ಹೆಂಗಸರು, ಕೈ ಇನ್ನೂ ಒದ್ದೆ. ಸಾಲಿನ ಆ ತುದಿಯಲ್ಲಿ ಸ್ಟೂಲಿನ ಮೇಲೆ ನರ್ಸು. ಪಕ್ಕದಲ್ಲಿ ನಲ್ಲಿ ಕೂರಿಸಿದ ನೀಲಿ ನೀರಿನ ಡ್ರಮ್ಮು, ಅದರ ಮೇಲೆ ಒಂದೇ ಒಂದು ಸ್ಟೀಲು ಲೋಟ.

ಗುಂಡಿಯ ಹುಡುಗಿ ಮುಂದೆಯೇ ಇದ್ದಳು. ಕೈ ಚಾಚಿದಳು, ಎರಡೂ ಕೈ ಬಾಯಿಗೆ ಹೋದವು, ನೀರು ಕುಡಿದು ಯಾರನ್ನೂ ನೋಡದೆ ನಡೆದಳು. ನಾಲ್ಕಾರು ಜನ ಕಳೆದ ಮೇಲೆ ಕಾಲರ್ ಬಂದಳು. ಎಡಗೈಯಲ್ಲಿ ಕರ್ಚೀಫು. ಅವಳು ತಲೆ ಎತ್ತಿದಾಗ ಕಣ್ಣು ಸೀದಾ ಕಿಟಕಿಗೆ ಬಂತು. ಯಾಕಮ್ಮನ ಮುಖದ ಮೇಲೆ ಒಂದು ಗಳಿಗೆ ನಿಂತು, ಗೋಡೆಯ ಮೇಲೆ ಹರಿದ ಹಾಗೆ ಹರಿದು ಮುಂದೆ ಹೋಯಿತು. ಕಟ್ಟುಪಾಡು ಕಟ್ಟುಪಾಡೇ. ಯಾಕಮ್ಮನೂ ಶರ್ಟಿನ ಗುಂಡಿ ಎಣಿಸತೊಡಗಿದಳು.

ಕಾಲರ್ ಬಲಗೈ ಚಾಚಿದಳು. ಬಾಯಿಗೆ ಹಾಕಿಕೊಂಡಳು. ಲೋಟ ತುಂಬಿಸಿ ಗಟಗಟನೆ ಕುಡಿದಳು. ಅವಳ ಬೆನ್ನ ಹಿಂದೆಯೇ ಜೇಬು ನಿಂತಿದ್ದಳು, ಎಡಗೈ ಮುಷ್ಟಿ ಹಿಡಿದು, ಏನೋ ಹೇಳಿ ನಗುತ್ತ. ಕಾಲರ್‌ಗೂ ನಗು ಬಂತು.

“ಶರ್ಟು ಬೇಕಾ ಅಮ್ಮಾ, ಬೇಡ್ವಾ?” ಎಂದ ಅಂಗಡಿಯವನು. “ಕಾಲರ್ ನೆಟ್ಟಗಿದೆ ನೋಡಿ. ತೋಳಲ್ಲಿ ಮಾತ್ರ ಒಂದು ಹೊಲಿಗೆ ತಪ್ಪಿದೆ.”

“ಬೇಕು,” ಎಂದಳು ಯಾಕಮ್ಮ, ತಿರುಗದೆ.

ಕಾಲರ್ ತಾನು ಕುಡಿದ ಲೋಟವನ್ನು ತೊಳೆಯದೆ ಹಾಗೆಯೇ ಮತ್ತೆ ನಲ್ಲಿಗೆ ಹಿಡಿದು, ಅಂಚಿನವರೆಗೆ ತುಂಬಿಸಿ, ಹಿಂದೆ ತಿರುಗಿ, ಅಷ್ಟರಲ್ಲಿ ಮಾತ್ರೆ ಬಾಯಿಗೆ ಹಾಕಿಕೊಂಡಿದ್ದ ಜೇಬಿನ ಕೈಗೆ ಕೊಟ್ಟಳು. ಜೇಬು ತಲೆ ಹಿಂದಕ್ಕೆ ಚೆಲ್ಲಿ ಪೂರ್ತಿ ಕುಡಿದು, ಲೋಟವನ್ನು ತನ್ನ ಹಿಂದಿನವಳಿಗೆ ದಾಟಿಸಿದಳು.